ಉಜ್ಜದೆ ಉಳಿಸಿದ ಕಣ್ಣು

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಫೋಟೋ ಸ್ಟುಡಿಯೋದ ಕಡೆ ಯಾರೂ ತಲೆ ಹಾಕುವುದಿಲ್ಲ. ಹೊಟ್ಟೆ ತುಂಬಿ ಕಣ್ಣು ಎಳೆಯುವಾಗ ಪಾಸ್‌ಪೋರ್ಟಿಗೆ ಮುಖ ಕೊಡಲು ಯಾರಿಗೆ ತಾನೇ ಮನಸ್ಸು ಬಂದೀತು? ಆ ಹೊತ್ತಿಗೆ ಸ್ಟುಡಿಯೋದ ಒಡತಿ ದೊಡ್ಡ ದೀಪಗಳನ್ನೆಲ್ಲ ಆರಿಸಿ, ಸರೋವರದ ಚಿತ್ರವಿದ್ದ ಪರದೆಯ ಮುಂದೆ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ತಾನೇ ಕೂತು, ಮೊಬೈಲಿನಲ್ಲಿ ಮಾರಾಟಕ್ಕಿಟ್ಟ ಹಳೆಯ ನಾಣ್ಯಗಳನ್ನು ನೋಡುತ್ತಿದ್ದಳು. ಬಾಗಿಲಿನ ಗಾಜಿನಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಉದ್ದಕ್ಕೆ ಮಲಗಿರುತ್ತಿತ್ತು. ಪಕ್ಕದ ಕೋಣೆಯಲ್ಲಿ ಅವಳ ಗಂಡ ಫೋಟೋಗಳಿಗೆ ಚೌಕಟ್ಟು ಹಾಕುತ್ತ ಸಣ್ಣ ಮೊಳೆಗಳನ್ನು ಟಕ್ ಟಕ್ ಎಂದು ಹೊಡೆಯುತ್ತಿದ್ದ. ಆ ಸದ್ದು ಕೇಳುತ್ತ ಕೇಳುತ್ತ ಅವಳಿಗೆ ಅರೆನಿದ್ದೆ ಹತ್ತುತ್ತಿತ್ತು. ಆದರೂ ಬೆರಳು ಮಾತ್ರ ಒಂದಾದ ಮೇಲೊಂದು ನಾಣ್ಯವನ್ನು ಸರಿಸುತ್ತಲೇ ಇರುತ್ತಿತ್ತು.

ಹಳೆಯ ನಾಣ್ಯ ಕೂಡಿಡುವವರದೊಂದು ಗುಂಪು ಆ ಮೊಬೈಲಿನಲ್ಲೇ ಇತ್ತು. ಅಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರು ಬಿದ್ದಿತ್ತು. ಪುಕ್ಕಟೆ ಬಂದ ಹೆಸರಲ್ಲ ಅದು. ಯಾರಾದರೂ ಆನ್‌ಲೈನಿನಲ್ಲಿ ನಾಣ್ಯ ಕೊಳ್ಳುವ ಮುಂಚೆ, "ಅಕ್ಕಾ, ಒಂಚೂರು ನೋಡಿ, ಇದನ್ನ ತೊಳೆದಿದ್ದಾರಾ?" ಎಂದು ಫೋಟೋ ಕಳಿಸಿದರೆ ಸಾಕು, ಪಟಪಟನೆ ಉತ್ತರ ಹೋಗುತ್ತಿತ್ತು. "ಅಕ್ಷರದ ಸಂದಿಯಲ್ಲಿ ಕಪ್ಪು ಹಾಗೇ ಇದೆ, ಉಳಿದಿದ್ದೆಲ್ಲ ಫಳಫಳ ಅಂತಿದೆ. ಉಜ್ಜಿದ್ದಾರೆ, ಬಿಟ್ಹಾಕಿ." "ಹಳೇ ತಾಮ್ರ ಇಷ್ಟು ಕೆಂಪಗೆ ಇರುತ್ತಾ? ಯಾವುದೋ ಆಸಿಡ್‌ನಲ್ಲಿ ಅದ್ದಿ ತೆಗೆದಿದ್ದಾರೆ." "ಫೋಟೋ ಯಾಕೆ ಇಷ್ಟು ಮಂಜು ಮಂಜಾಗಿದೆ? ಗೀರು ಮುಚ್ಚೋಕೆ. ದೀಪದ ಕೆಳಗೆ ಓರೆ ಮಾಡಿ ವಿಡಿಯೋ ಕಳಿಸಿ ಅಂತ ಕೇಳಿ. ಕುಂಟುನೆಪ ಹೇಳಿದ್ರೆ ಆ ಕಡೆ ತಿರುಗಿಯೂ ನೋಡ್ಬೇಡಿ." ಊರವರ ಮೊಡವೆ, ಮಚ್ಚೆ, ಸುಕ್ಕುಗಳನ್ನು ಅಳಿಸಿ ಹೊಟ್ಟೆ ಹೊರೆಯುವವಳಿಗೆ ಬೆಳಕು ಏನೇನನ್ನು ಮುಚ್ಚಿಡಬಲ್ಲದು ಎಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ತೊಳೆದರೆ ಏನಾಯಿತು, ಚೊಕ್ಕಟವಾಗಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವ ಪುಣ್ಯಾತ್ಮರಿದ್ದಾರೆ. ಅಂಥವರ ಕೈಗೆ ನಾಣ್ಯ ಕೊಡಬಾರದು. ಟಂಕಸಾಲೆಯಲ್ಲಿ ಅಚ್ಚಿನ ಏಟು ಬಿದ್ದಾಗ ಬೆಳ್ಳಿಯ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ನಡುವಿನಿಂದ ಅಂಚಿನವರೆಗೆ ಹರಿದಿರುತ್ತವೆ. ಅಂಥ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದರೆ ಬೆಳಕು ಗಾಡಿಯ ಚಕ್ರದ ಹಾಗೆ ಸುತ್ತು ತಿರುಗುತ್ತದೆ. ಒಂದು ಸಲ ಉಜ್ಜಿದಿರೋ, ಮುಗಿಯಿತು. ಬೆಳಕು ತಿರುಗುವುದಿಲ್ಲ, ಬಿದ್ದ ಜಾಗದಲ್ಲೇ ಪೆಚ್ಚಾಗಿ ಕೂತುಬಿಡುತ್ತದೆ. ಆಮೇಲೆ ತಿಪ್ಪರಲಾಗ ಹಾಕಿದರೂ ಅದು ವಾಪಸು ಬರುವುದಿಲ್ಲ.

ಇಷ್ಟೆಲ್ಲ ಬಲ್ಲ ಭೂತಗನ್ನಡಿ ಆ ಮಧ್ಯಾಹ್ನಗಳಲ್ಲಿ ಕದ್ದುಮುಚ್ಚಿ ಹುಡುಕುತ್ತಿದ್ದದ್ದು ಒಂದು ಉಜ್ಜಿದ ನಾಣ್ಯವನ್ನು. ಅದೂ ಹಲ್ಲುಪುಡಿ ಹಾಕಿ ಗಸಗಸ ಉಜ್ಜಿದ್ದನ್ನು. ಗುಂಪಿನವರ ಕಿವಿಗೆ ಬಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಗೊತ್ತಿದ್ದವನು ಗಂಡನೊಬ್ಬನೇ. ಉಜ್ಜಿದ ಕೈ ಅವಳ ಅಮ್ಮನದಾಗಿರಬೇಕು, ಅಷ್ಟೇ ಅವಳ ಷರತ್ತು.

ಅಮ್ಮ ಒಂದು ಲಾಂಡ್ರಿಯಲ್ಲಿ ಬಟ್ಟೆಯ ಕಲೆ ತೆಗೆಯುವ ಕೆಲಸದಲ್ಲಿದ್ದವಳು. ಶಾಯಿ, ಎಣ್ಣೆ, ತುಕ್ಕು, ಯಾವ ಕಲೆಯೂ ಅವಳ ಮುಂದೆ ಬಾಲ ಬಿಚ್ಚುತ್ತಿರಲಿಲ್ಲ. ಮನೆಗೆ ಬಂದರೂ ಅವಳ ಕೈ ಸುಮ್ಮನಿರಬೇಕಲ್ಲ. ಮಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ನಾಣ್ಯ ಕೂಡಿಡುತ್ತಾಳೆಂದು ಗೊತ್ತಾದದ್ದೇ ತಡ, ರಜೆ ಸಿಕ್ಕಿದಾಗಲೆಲ್ಲ ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ, ಒದ್ದೆ ಬಟ್ಟೆಗೆ ಹಲ್ಲುಪುಡಿ ಹತ್ತಿಸಿಕೊಂಡು, ಒಂದೊಂದನ್ನೇ ಉಜ್ಜಿ ಸಾಲಾಗಿ ಒಣಗಲು ಇಡುತ್ತಿದ್ದಳು. ತನ್ನ ಮಗಳ ಸಾಮಾನು ಮಂಕು ಬಡಿದುಕೊಂಡು ಬಿದ್ದಿರಬಾರದು ಎಂಬುದು ಅವಳ ಹಟ. ಅವುಗಳಲ್ಲಿ ಹೆಚ್ಚಿನವು ಕೂದಲನ್ನು ಸುತ್ತಿ ಗಂಟು ಕಟ್ಟಿದ ಹೆಂಗಸೊಬ್ಬಳ ಪಕ್ಕಮುಖವಿದ್ದ ಬೆಳ್ಳಿಯ ನಾಣ್ಯಗಳು. ಅಮ್ಮ ಆ ಹೆಂಗಸಿನ ಕೆನ್ನೆ ಉಜ್ಜುವಳು, ಮೂಗು ಉಜ್ಜುವಳು, ಕುತ್ತಿಗೆ ಉಜ್ಜುವಳು, ಕಣ್ಣನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕಣ್ಣಿನ ಸುತ್ತ ಒಂದು ಕಡಲೆಕಾಳಿನಷ್ಟು ಜಾಗ ಹಳೆಯ ಕಪ್ಪಿನಲ್ಲೇ ಉಳಿಯುತ್ತಿತ್ತು.

"ಅಲ್ಲೊಂದು ಯಾಕಮ್ಮ ಹಾಗೇ ಬಿಟ್ಟೆ?" ಎಂದು ಮಗಳು ಕೇಳಿದರೆ, "ಕಣ್ಣಿಗೆ ಪುಡಿ ಹೋದ್ರೆ ಉರಿಯಲ್ವೇನೆ?" ಎನ್ನುವಳು.

"ಅದು ಬೆಳ್ಳಿ ಕಣಮ್ಮ."

"ಇರ್ಲಿ ಬಿಡು. ನಿನ್ನ ಗಂಟೇನು ಹೋಯ್ತು?"

ದೊಡ್ಡವಳಾಗಿ ನಾಣ್ಯದ ಒಳಹೊರಗು ಕಲಿತ ಮೇಲೆ ಮಗಳು ಆ ಡಬ್ಬಿಯನ್ನು ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟು, ಯಾರ ಕೈಯೂ ಉಜ್ಜಿರದ ಒಂದೇ ಒಂದು ನಾಣ್ಯವನ್ನು ಬದಲಿಗೆ ತಂದಳು. ಕೊಡು ಎಂದವಳೂ ಅಮ್ಮನೇ. "ಕೊಟ್ಬಿಡು ತಾಯಿ, ನಂಗೂ ಉಜ್ಜೋ ಕೆಲಸ ತಪ್ಪುತ್ತೆ" ಎಂದು ನಗುತ್ತ ಡಬ್ಬಿಯ ಹೊರಮೈಯನ್ನೂ ಒಮ್ಮೆ ಒರೆಸಿಯೇ ಕಳಿಸಿದ್ದಳು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಅಮ್ಮ ಒಂದು ದಿನ ಇರುವುದಿಲ್ಲ ಎಂದು ಲೆಕ್ಕ ಹಾಕಿ ಯಾರು ತಾನೇ ಬದುಕುತ್ತಾರೆ?

ಆ ದಿನವೂ ಬಂತು. ಅಮ್ಮ ಹೋದಳು. ಸ್ಟುಡಿಯೋದವಳಿಗೆ ಫೋಟೋಗಳಿಗೇನು ಬರವೇ? ಅಮ್ಮ ನಕ್ಕದ್ದು, ಮುಖ ಊದಿಸಿಕೊಂಡದ್ದು, ಆಕಳಿಸುವಾಗ ಸಿಕ್ಕಿಬಿದ್ದದ್ದು, ಎಲ್ಲ ಇದ್ದವು. ಆದರೆ ಕ್ಯಾಮೆರಾ ಕಂಡೊಡನೆ ಅಮ್ಮ ಬ್ಲೀಚಿನಿಂದ ಸುಲಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದಳು. ಒಂದೇ ಒಂದು ಫೋಟೋದಲ್ಲೂ ಕೈ ಇಲ್ಲ. ಮಗಳಿಗೆ ರಾತ್ರಿ ಹಗಲು ನೆನಪಾಗುತ್ತಿದ್ದದ್ದು ಆ ಒರಟು ಕೈಯೇ. ಒಂದು ದಿನ ಯಾರೋ ಕಳಿಸಿದ ಫೋಟೋದಲ್ಲಿ ಬೆಳ್ಳಿಯ ಮೇಲಿನ ಗೀರುಗಳನ್ನು ನೋಡುತ್ತಿದ್ದಾಗ ಅವಳಿಗೆ ಹೊಳೆಯಿತು. ಗೀರೆಂದರೆ ಕೈ ಓಡಾಡಿದ ದಾರಿ. ಹಾಗಾದರೆ ಅಮ್ಮನ ಕೈ ಓಡಾಡಿದ ದಾರಿ ಎಲ್ಲೋ ಯಾರದೋ ಡಬ್ಬಿಯಲ್ಲಿ, ಯಾರದೋ ಮೇಜಿನ ಖಾನೆಯಲ್ಲಿ ಇನ್ನೂ ಹಾಗೇ ಬಿದ್ದಿದೆ. ಅವತ್ತಿನಿಂದ ಅವಳು ಕೈ ತೊಳೆದುಕೊಂಡು ಅದರ ಬೆನ್ನು ಹತ್ತಿದಳು.

ಸಿಕ್ಕಿದ್ದು ಒಂದು ಮೋಡದ ಮಧ್ಯಾಹ್ನ. ‘ಹಳೇ ಬೆಳ್ಳಿ ನಾಣ್ಯ, ಬಟನ್ ಡಬ್ಬಿಯಲ್ಲಿ ಸಿಕ್ಕಿದ್ದು’ ಎಂದಷ್ಟೇ ಬರೆದಿತ್ತು. ಮಾರುವವರ ಹೆಸರು ಬಟನ್ ಅಜ್ಜಿ. ಕಿಟಕಿಯ ಕಟ್ಟೆಯ ಮೇಲೆ ನಾಣ್ಯ ಇಟ್ಟು ತೆಗೆದ ಫೋಟೋ, ಅದರಲ್ಲಿ ಕಾಲು ಭಾಗ ಅಜ್ಜಿಯ ಹೆಬ್ಬೆರಳೇ ಇತ್ತು. ಇಂಥ ಫೋಟೋ ತೆಗೆಯುವವರನ್ನು ಸ್ಟುಡಿಯೋದೊಳಗೆ ಬಿಡಬಾರದು ಎಂದುಕೊಂಡು ಭೂತಗನ್ನಡಿ ಚಿತ್ರವನ್ನು ದೊಡ್ಡದು ಮಾಡಿದಳು. ಕೆನ್ನೆಯ ಮೇಲೆ ಸಣ್ಣ ಸಣ್ಣ ಸುತ್ತುಗಳಲ್ಲಿ ಗೀರುಗಳು. ಉಜ್ಜಿದ ಜಾಗ ಎಷ್ಟೋ ವರ್ಷಗಳಲ್ಲಿ ಮತ್ತೆ ಮಾಸಿ ತೆಳುವಾದ ಬೂದಿ ಬಣ್ಣಕ್ಕೆ ತಿರುಗಿತ್ತು. ಇನ್ನಷ್ಟು ದೊಡ್ಡದು ಮಾಡಿದಳು. ಕಣ್ಣಿನ ಸುತ್ತ, ಕಡಲೆಕಾಳಿನಷ್ಟು ಜಾಗದಲ್ಲಿ, ಯಾರೂ ಮುಟ್ಟದ ಕಪ್ಪು.

ಸರಿಸುತ್ತಿದ್ದ ಬೆರಳು ಅಲ್ಲೇ ನಿಂತಿತು. ಆಮೇಲೆ ಎಲ್ಲ ನಿಧಾನವಾಯಿತು. ಮೊಳೆಯ ಸದ್ದು ದೂರ ಸರಿಯಿತು. ಹಿಂದಿನ ಪರದೆಯ ಸರೋವರದಲ್ಲಿ ನೀರು ಅಲ್ಲಾಡಿದ ಹಾಗಾಯಿತು, ಅದರಾಚೆ ಅಡುಗೆಮನೆಯ ಮೇಜು, ಹಾಸಿದ ಪೇಪರು, ಒದ್ದೆ ಬಟ್ಟೆ. ಒಂದು ಕೈ ಬೆಳ್ಳಿಯ ಕೆನ್ನೆಯ ಮೇಲೆ ಸುತ್ತು ಸುತ್ತು ಹೋಗುತ್ತಿತ್ತು, ಕಣ್ಣಿನ ಹತ್ತಿರ ಬಂದೊಡನೆ ವೇಗ ತಗ್ಗಿಸಿ, ಮಲಗಿದ ಮಗುವನ್ನು ದಾಟುವವರ ಹಾಗೆ ಬಳಸಿಕೊಂಡು ಹೋಗುತ್ತಿತ್ತು. ಹಲ್ಲುಪುಡಿಯ ವಾಸನೆ ಮೂಗಿಗೆ ಬಡಿಯಿತು ಎಂದೇ ಅವಳು ಆಮೇಲೂ ಸಾಧಿಸುತ್ತಿದ್ದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಅವಳಿಗೇ ಗೊತ್ತಿಲ್ಲ.

"ಏನೇ ಇದು, ಕಲ್ಲಾಗಿ ಕೂತಿದ್ದೀಯ?" ಎಂದು ಗಂಡ ಬಾಗಿಲಲ್ಲಿ ನಿಂತು ಕೇಳಿದ. ಅವನ ತುಟಿಯ ನಡುವೆ ಎರಡು ಮೊಳೆಗಳಿದ್ದವು.

ಅವಳು ಮೊಬೈಲು ಮುಂದೆ ಹಿಡಿದಳು. ಅವನು ಮೊಳೆ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ತುಂಬ ಹೊತ್ತು ನೋಡಿದ. "ಅತ್ತೆದೇ," ಎಂದ. "ಅನುಮಾನವೇ ಇಲ್ಲ. ಸುಮ್ನೆ ತಗೊಂಡ್ಬಿಡು. ನಿನ್ನ ಚಾಳಿಯಂತೆ ಅವರ ಹತ್ರ ಪೂರ್ವಾಪರ ಕೇಳ್ತಾ ಕೂರಬೇಡ."

ಕೇಳಬೇಡ ಎಂದರೆ ಕೇಳದೆ ಇರುವ ಜೀವವೇ ಅದು? ಊರಿಗೆಲ್ಲ, ಓರೆ ಮಾಡಿದ ಫೋಟೋ ನೋಡದೆ ಕೊಳ್ಳಬೇಡಿ ಎಂದು ಬುದ್ಧಿ ಹೇಳಿದವಳು. ಜೊತೆಗೆ ಅವಳಿಗೆ ಭಯವೂ ಇತ್ತು. ಆ ಕಪ್ಪು ಬರಿಯ ನೆರಳಾಗಿದ್ದರೆ? ಕೈಗೆ ಬಂದ ಮೇಲೆ ಅಮ್ಮನದಲ್ಲ ಎಂದು ತಿಳಿದರೆ ಅದನ್ನು ತಾಳಿಕೊಳ್ಳುವ ಶಕ್ತಿ ತನಗಿಲ್ಲ ಎನಿಸಿತು. ಗಂಡ ಆ ಕಡೆ ತಿರುಗಿದ್ದೇ ತಡ, ಅವಳು ಬಟನ್ ಅಜ್ಜಿಗೆ ಬರೆದಳು: ‘ನಾಣ್ಯ ತಗೋತೀನಿ. ಆದರೆ ಕಣ್ಣಿನ ಸುತ್ತ ಕಪ್ಪಗೆ ಕಾಣ್ತಿದೆ. ಅದು ಕೊಳೆಯಾ, ನೆರಳಾ? ದೀಪದ ಹತ್ತಿರ ಓರೆ ಹಿಡಿದು ಇನ್ನೊಂದು ಫೋಟೋ ಕಳಿಸ್ತೀರಾ?’

ಉತ್ತರ ಬರುವ ಹೊತ್ತಿಗೆ ಸ್ಟೂಲಿನ ಮೇಲೆ ಗಿರಾಕಿಯೊಬ್ಬರು ಬಂದು ಕೂತಿದ್ದರು. ದಪ್ಪ ಮೀಸೆಯ ಮನುಷ್ಯ. ‘ಗದ್ದ ಸ್ವಲ್ಪ ಮೇಲೆ ಎತ್ತಿ’ ಎಂದರೆ ಸೂರು ನೋಡುವಷ್ಟು ಎತ್ತಿ ಉಸಿರು ಬಿಗಿಹಿಡಿದಿದ್ದರು. ಮೊಬೈಲು ಕಿಣಿ ಎಂದಿತು. ಬಟನ್ ಅಜ್ಜಿ ಬರೆದಿರಲಿಲ್ಲ, ಮಾತಾಡಿ ಕಳಿಸಿದ್ದರು. ಅವಳು ಕಿವಿಗಿಟ್ಟುಕೊಂಡಳು.

"ಅಯ್ಯೋ ಮೇಡಂ, ಕಣ್ಣ ಹತ್ರ ಕೊಳೆ ಇದೆ ಅಂತೀರಲ್ಲ, ನಾಚಿಕೆ ಆಯ್ತು ನಂಗೆ. ವಯಸ್ಸಾಯ್ತು ನೋಡಿ, ಸರಿಯಾಗಿ ಕಾಣಲ್ಲ. ಕೊಳೆ ಸಾಮಾನು ಕಳಿಸೋಳಲ್ಲಮ್ಮ ನಾನು. ಹಿತ್ತಾಳೆ ಬಟನ್‌ಗೆ ಹಾಕೋ ಪಾಲಿಶ್ ಇದೆ, ಈಗಲೇ ಕೂತು ಮುಖ ಪೂರ್ತಿ ತಿಕ್ಕಿ ಹೊಸದರ ಹಾಗೆ ಮಾಡಿ ಕಳಿಸ್ತೀನಿ. ಅದಕ್ಕೆ ಬೇರೆ ದುಡ್ಡು ಬೇಡ, ಆಯ್ತಾ?"

ಅವಳು ತಟ್ಟನೆ ‘ಬೇಡ, ಮುಟ್ಟಬೇಡಿ’ ಎಂದು ಬರೆದಳು. ಆ ಕಡೆ ಯಾರೂ ನೋಡಲಿಲ್ಲ. ಫೋನು ಮಾಡಿದಳು. ಗಂಟೆ ಹೊಡೆದುಕೊಂಡೇ ಹೋಯಿತು, ಎತ್ತುವವರಿಲ್ಲ. ಎರಡೂ ಕೈ ಪಾಲಿಶಿನಲ್ಲಿದ್ದರೆ ಯಾರು ಎತ್ತುತ್ತಾರೆ? ಅಜ್ಜಿಯ ಬಟನ್ ಅಂಗಡಿಯ ವಿಳಾಸ ಫೋಟೋದ ಕೆಳಗೇ ಇತ್ತು, ಊರಿನ ಆ ಕೊನೆ.

"ಹೋಗು ನೀನು," ಎಂದ ಗಂಡ, ಅವಳ ಮುಖ ನೋಡಿಯೇ ಅರ್ಧ ಅರ್ಥವಾಗಿತ್ತು. "ಇವರನ್ನ ನಾನು ನೋಡ್ಕೋತೀನಿ."

ಮೀಸೆಯವರು ಸೂರು ನೋಡುತ್ತಲೇ, "ಇವರಿಗೆ ಫೋಟೋ ತೆಗೆಯೋಕೆ ಬರುತ್ತಾ?" ಎಂದರು.

"ಮೊಳೆಯಂತೂ ಹೊಡೆಯಲ್ಲ, ಕೂತ್ಕೊಳ್ಳಿ," ಎಂದ ಗಂಡ.

ಬಸ್ಸು ಎಲ್ಲ ಕಡೆಯೂ ನಿಂತು ನಿಂತು ಹೋಯಿತು. ಅವಸರವಿರುವವರನ್ನು ಕಂಡರೆ ಬಸ್ಸುಗಳಿಗೆ ಅದೇನು ಹಗೆಯೋ. ಅವಳು ಕಿಟಕಿಗೆ ತಲೆಯಾನಿಸಿ ಕೂತಳು. ಹೊರಗೆ ಟೈರ್ ಅಂಗಡಿ, ಔಷಧಿ ಅಂಗಡಿ, ಬಟ್ಟೆ ಒಣಹಾಕಿದ ಮಹಡಿಗಳು ಮೋಡದ ಬೆಳಕಿನಲ್ಲಿ ತೇಲಿಕೊಂಡು ಹೋಗುತ್ತಿದ್ದವು, ತೊಳೆದು ತೊಳೆದು ಬಣ್ಣ ಬಿಟ್ಟ ಚಿತ್ರಗಳ ಹಾಗೆ. ಕಣ್ಣು ಮುಚ್ಚಿದರೆ ಎರಡು ಕೈಗಳು ಕಾಣುತ್ತಿದ್ದವು. ಒಂದು ಅಮ್ಮನದು, ಮೆಲ್ಲಗೆ ಸುತ್ತುತ್ತಿತ್ತು. ಇನ್ನೊಂದು ಗುರುತಿಲ್ಲದ ಕೈ, ಅದರ ಹಿಂದೆಯೇ ಬಂದು ಅಮ್ಮನ ದಾರಿಯನ್ನೆಲ್ಲ ಅಳಿಸುತ್ತಿತ್ತು. ಅಜ್ಜಿಗೆ ನಿದ್ದೆ ಬಂದಿರಲಿ, ಪಾಲಿಶ್ ಮುಗಿದುಹೋಗಿರಲಿ, ಅಂಗಡಿಗೆ ಗಿರಾಕಿಗಳ ಜಾತ್ರೆಯೇ ನೆರೆದಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಬಟನ್ ಅಂಗಡಿ ಓಣಿಯೊಂದರ ತಿರುವಿನಲ್ಲಿತ್ತು. ಒಳಗೆ ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಖಾನೆಗಳು. ಒಳಗೇನಿದೆ ಎಂದು ತಿಳಿಯಲು ಪ್ರತಿಯೊಂದರ ಮುಖಕ್ಕೂ ಒಂದೊಂದು ಬಟನ್ ಅಂಟಿಸಿತ್ತು. ಒಬ್ಬ ಗಿರಾಕಿಯೂ ಇರಲಿಲ್ಲ. ಕಿಟಕಿಯ ಬಳಿ ಬೋಗುಣಿಯಲ್ಲಿ ನೀರಿಟ್ಟುಕೊಂಡು, ಮೊಣಕೈವರೆಗೆ ಅಂಗಿಯ ತೋಳು ಮಡಚಿದ ಗಿಡ್ಡ ಮುದುಕಿಯೊಬ್ಬಳು ಕೂತಿದ್ದಳು. ಬೆರಳೆಲ್ಲ ಬಿಳಿ ಪಾಲಿಶ್.

"ಅಜ್ಜಿ, ಆ ನಾಣ್ಯ," ಎಂದಳು ಅವಳು ಏದುಸಿರಿನಲ್ಲಿ. "ಕಣ್ಣ ಹತ್ರ ಕಪ್ಪು ಇದೆ ಅಂದವಳು ನಾನೇ."

"ಬಂದೇಬಿಟ್ರಾ!" ಅಜ್ಜಿಯ ಮುಖ ಅರಳಿತು. "ಸರಿಯಾದ ಹೊತ್ತಿಗೇ ಬಂದ್ರಿ, ಈಗ ಮುಗೀತು. ಎಷ್ಟು ಹಟ ಮಾಡ್ತು ಅಂತೀರಿ ಆ ಕಣ್ಣಿನ ಕೊಳೆ. ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ತೆಗೆದೆ." ಅವಳು ನಾಣ್ಯವನ್ನು ಅಂಗೈಯಲ್ಲಿಟ್ಟು ಹೆಮ್ಮೆಯಿಂದ ಮುಂದೆ ಚಾಚಿದಳು.

ಭೂತಗನ್ನಡಿ ಅದನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದಳು. ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಕೆನ್ನೆಯ ಮೇಲಿನ ಸುತ್ತುಗಳಿರಲಿಲ್ಲ. ಕಣ್ಣು ಬೆಳ್ಳಗೆ, ಬೋಳಾಗಿ, ಯಾರ ಗುರುತೂ ಇಲ್ಲದೆ ಇತ್ತು. ಅವಳು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು, ಬೇರೆಯವರ ನಾಣ್ಯವನ್ನಾದರೆ ಒಂದು ನೋಟಕ್ಕೆ ತಳ್ಳಿಹಾಕುತ್ತಿದ್ದವಳು ಇದನ್ನು ಎಲ್ಲ ದಿಕ್ಕಿನಿಂದಲೂ ನೋಡಿದಳು. ಎಲ್ಲೂ ಏನೂ ಇರಲಿಲ್ಲ. ಅಮ್ಮ ಇನ್ನೊಂದು ಸಲ ಹೋಗಿಬಿಟ್ಟಳು ಎನಿಸಿತು. ಅವಳು ನಿಂತಲ್ಲೇ ಅಳತೊಡಗಿದಳು, ಚಿಕ್ಕ ಮಕ್ಕಳ ಹಾಗೆ, ಮುಖ ಕೂಡ ಮುಚ್ಚಿಕೊಳ್ಳದೆ.

ಅಜ್ಜಿ ಕಕ್ಕಾಬಿಕ್ಕಿಯಾದಳು. "ಯಾಕಮ್ಮ? ಇನ್ನೂ ಎಲ್ಲಾದ್ರೂ ಕೊಳೆ ಉಳಿದಿದೆಯಾ?"

ಅವಳು ಬಿಕ್ಕುತ್ತಲೇ ಹೇಳಿದಳು. ಲಾಂಡ್ರಿ, ಡಬ್ಬಿ, ಹಲ್ಲುಪುಡಿ, ಫೋಟೋಗಳಲ್ಲಿ ಇಲ್ಲದ ಕೈ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಅಜ್ಜಿ ಕೇಳುತ್ತ ಕೇಳುತ್ತ ಹಿಂದಕ್ಕೆ ಸರಿದು ಕುರ್ಚಿಯ ಮೇಲೆ ಕುಸಿದಳು.

"ಬೇಕೂಂತಲೇ ಬಿಟ್ಟಿದ್ರಾ ನಿಮ್ಮಮ್ಮ ಅದನ್ನ?" ಎಂದಳು ಕೊನೆಗೆ. "ನಾನು ಯಾರೋ ಸೋಮಾರಿ ಅಂದ್ಕೊಂಡೆ ಕಣಮ್ಮ. ಉಜ್ಜೋಕೆ ಕೂತವರು ಅಲ್ಲೊಂದು ಯಾಕೆ ಬಿಟ್ರು ಅಂತ ಬೈಕೊಂಡೇ ತಿಕ್ಕಿದೆ. ನನ್ನ ಕೈಗೇನು ಬಂದಿತ್ತು ಕೇಡು."

"ನಿಮ್ಮದೇನಿಲ್ಲ ಅಜ್ಜಿ. ಕೇಳಿದ್ದು ನಾನು. ಬಾಯಿ ಮುಚ್ಕೊಂಡು ತಗೊಂಡಿದ್ರೆ ಆಗ್ತಿತ್ತು."

ಖಾನೆಗಳ ಮೇಲಿನ ಬಟನ್‌ಗಳೆಲ್ಲ ಸಣ್ಣಗೆ ಹೊಳೆಯುತ್ತಿದ್ದವು. ಅಜ್ಜಿ ಎದ್ದು ಬಂದಳು. ಕುಳ್ಳಿಯಾದ್ದರಿಂದ ತುದಿಗಾಲಲ್ಲಿ ನಿಂತು, ಅಳುತ್ತಿದ್ದವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಳಬೇಡ, ಅಳಬೇಡ," ಎಂದಳು. ಕೈ ತೆಗೆದ ಮೇಲೆಯೇ ತಾನು ಮಾಡಿದ್ದೇನೆಂದು ಅವಳಿಗೆ ಕಂಡದ್ದು. ಎರಡೂ ಕೆನ್ನೆಗಳ ಮೇಲೆ ಬಿಳಿ ಪಾಲಿಶ್ ಬಳಿದುಕೊಂಡಿತ್ತು.

"ಇವತ್ತು ನನ್ನ ಕೈ ಮುಟ್ಟಿದ್ದೆಲ್ಲ ಹಾಳೇ," ಎಂದು ಗೊಣಗಿಕೊಂಡು ಅಜ್ಜಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದಳು. ಕೈ ತೊಳೆದು, ಒಗೆದ ಬಟ್ಟೆಯೊಂದನ್ನು ಹೊಸ ನೀರಿನಲ್ಲಿ ಅದ್ದಿ ಹಿಂಡಿ ತಂದು ಒರೆಸತೊಡಗಿದಳು. ಅವಳ ಕೈ ದೊರಗಾಗಿತ್ತು. ಒಂದು ಕೈಯಲ್ಲಿ ಗದ್ದ ಗಟ್ಟಿಯಾಗಿ ಹಿಡಿದು, ಅಲ್ಲಾಡಬೇಡ ಎಂದು ಗದರಿಸಿ, ಮೂಗಿನ ಪಕ್ಕ, ಕಿವಿಯ ಹಿಂದೆ, ಗದ್ದದ ಕೆಳಗೆ ಒಂದೂ ಬಿಡದೆ ಒರೆಸಿದಳು. ಹೊರಗೆ ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಭೂತಗನ್ನಡಿ ಕಣ್ಣು ಮುಚ್ಚಿಕೊಂಡು ಮುಖವನ್ನು ಪೂರ್ತಿಯಾಗಿ ಆ ಕೈಗೆ ಬಿಟ್ಟುಕೊಟ್ಟಿದ್ದಳು.

"ಆಯ್ತು, ಎಲ್ಲ ಹೋಯ್ತು ನೋಡು," ಎಂದಳು ಅಜ್ಜಿ.

ಅವಳು ಕಣ್ಣು ತೆರೆಯಲಿಲ್ಲ. "ಇಲ್ಲ ಅಜ್ಜಿ," ಎಂದಳು. "ಇನ್ನೂ ಸ್ವಲ್ಪ ಇದೆ."

ಅಜ್ಜಿ ಆ ಮುಖವನ್ನೊಮ್ಮೆ ನೋಡಿದಳು. ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ, ಹಿಂಡಿ, ಏನೂ ಇಲ್ಲದ ಕೆನ್ನೆಯನ್ನು ಮೊದಲಿನಿಂದ ಒರೆಸತೊಡಗಿದಳು.